ಇಲ್ಲದ ಕೆಂಪು ಚೀಲ

ಠಾಣೆಗೆ ಯಾವ ಮಗು ಬಂದರೂ ಇನ್ಸ್‌ಪೆಕ್ಟರ್ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಚಾಕಲೇಟ್ ಮಾಮನ್ನ ಕರೀರಪ್ಪ.” ಮಾಮನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಸಮವಸ್ತ್ರದ ಎದೆಯ ಪಟ್ಟಿಯ ಮೇಲೆ ಬರೆದೂ ಇತ್ತು. ಓದುವವರು ಯಾರು? ಎಲ್ಲರ ಕಣ್ಣೂ ಪಟ್ಟಿಯ ಕೆಳಗೆ ಉಬ್ಬಿಕೊಂಡಿದ್ದ ಜೇಬಿನ ಮೇಲೆ. ಹೆಡ್ ಕಾನ್‌ಸ್ಟೇಬಲ್ ಆಗಿಯೇ ತಲೆ ನರೆಸಿಕೊಂಡ ಈ ಮನುಷ್ಯ ಯಾರ ಮೇಲೂ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ದಾರಿ ತಪ್ಪಿದ ಮಗು, ಕದ್ದು ಸಿಕ್ಕಿಬಿದ್ದ ಮಗು, ಏಟು ತಿಂದ ಮಗು, ಯಾವುದೇ ಇರಲಿ, ಪಕ್ಕದಲ್ಲಿ ಕೂತು, ಬೆನ್ನು ಸವರಿ, ಜೇಬಿಗೆ ಕೈ ಹಾಕಿ, “ಹೌದಲ್ವಾ ಪುಟ್ಟಿ?” ಅಂದನೆಂದರೆ ಮುಗಿಯಿತು. ಮಗು “ಹೂಂ” ಅನ್ನುತ್ತಿತ್ತು, ಮಾಮ ಬರೆದುಕೊಳ್ಳುತ್ತಿದ್ದ.

“ನನ್ನ ಮುಂದೆ ಇಲ್ಲ ಅಂದ ಮಗು ಇನ್ನೂ ಹುಟ್ಟಿಲ್ಲ ಕಣ್ರೀ,” ಎಂದು ಟೀ ಹೀರುತ್ತಾ ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಳ್ಳಲಿ ಬಿಡಿ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ಎಂಥ ನಿಜ ಅನ್ನುವುದು ಅವನಿಗೆ ಹೊಳೆಯುವ ಹೊತ್ತಿಗೆ ಒಬ್ಬ ಮುದುಕ ಲಾಕಪ್ಪಿನಲ್ಲಿ ಕೂತಿದ್ದ.

ಆ ಕೇಸು ಹೀಗೆ. ಎರಡು ಜಡೆಯ ಹುಡುಗಿ, ಆರು ವರ್ಷದವಳು. ಆಟದ ಪೀರಿಯಡ್ಡಿನಲ್ಲಿ ಅಂಗಿ ಮೇಲೆ ಸರಿದಾಗ ಬೆನ್ನಿನ ತುಂಬ ಬಾಸುಂಡೆ ಕಂಡು ಟೀಚರ್ ಗಾಬರಿಯಾಗಿ ಠಾಣೆಗೆ ಫೋನ್ ಮಾಡಿದ್ದರು. ಹುಡುಗಿಗೆ ಅಪ್ಪ ಇಲ್ಲ. ಅಮ್ಮ ದೂರದ ಊರಿನಲ್ಲಿ ದುಡಿಯುತ್ತಿದ್ದಳು. ಸಾಕುತ್ತಿದ್ದವಳು ಅಮ್ಮನ ಅಕ್ಕ, ದೊಡ್ಡಮ್ಮ. ಸುದ್ದಿ ತಿಳಿದದ್ದೇ ದೊಡ್ಡಮ್ಮ ಓಡೋಡಿ ಬಂದಳು, ಅತ್ತಳು, ಹುಡುಗಿಯ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು ಕೂತವಳು ಕೊನೆಯತನಕ ಬಿಡಲೇ ಇಲ್ಲ. “ಹೆತ್ತವಳೂ ಹೀಗೆ ನೋಡ್ಕೊಳ್ಳಲ್ಲ,” ಎಂದು ಮಾಮ ಠಾಣೆಗೆಲ್ಲ ಸಾರಿದ. ಶಾಲೆಯ ಗೇಟಿನ ವಾಚ್‌ಮನ್ ಕೈಯಲ್ಲಿ ಯಾವಾಗಲೂ ಕೋಲಿರುತ್ತದೆ ಎಂದು ಹೇಳಿದವಳೂ ಅವಳೇ. ಮಾಮ ಜೇಬಿಗೆ ಕೈ ಹಾಕಿದ. “ಆ ಕೋಲಿನ ತಾತ ಹೊಡೆದ್ರಾ ಪುಟ್ಟಿ?” ಹುಡುಗಿ ಸುಮ್ಮನಿದ್ದಳು. ಇನ್ನೊಂದು ಸಲ ಕೇಳಿದ, ಆಗಲೂ ಸುಮ್ಮನೆ. ಮೂರನೆಯ ಸಲಕ್ಕೆ “ಹೂಂ” ಬಂತು. ತಾತನನ್ನು ಕರೆತಂದರು. ಮಾಮ ಅವನನ್ನೂ ಬೆಣ್ಣೆಯ ಹಾಗೆ ಮಾತಾಡಿಸಿದ, ಅವನೂ ಒಪ್ಪಿಕೊಂಡ. ಮಧ್ಯಾಹ್ನದ ಊಟದೊಳಗೆ ಎಲ್ಲ ಮುಗಿದಿತ್ತು. ಇನ್ಸ್‌ಪೆಕ್ಟರ್ ಮಾಮನ ಕೈ ಕುಲುಕಿದರು. ಕೋರ್ಟು ತಾತನನ್ನು ಠಾಣೆಯ ವಶಕ್ಕೇ ಕೊಟ್ಟಿತು.

ಇಂಥವನನ್ನು ಅದರ ಮುಂದಿನ ವಾರವೇ ತರಬೇತಿಗೆ ಹೋಗು ಅಂದರೆ ಸಿಟ್ಟು ಬರದೆ ಇರುತ್ತದೆಯೇ? ನೊಂದ ಮಕ್ಕಳ ಜೊತೆ ಪೊಲೀಸರು ಹೇಗೆ ಮಾತಾಡಬೇಕು ಅನ್ನುವುದು ವಿಷಯವಂತೆ.

“ಈ ವಯಸ್ಸಲ್ಲಿ ನನಗೆ ಪಾಠನಾ?” ಎಂದು ಮನೆಯಲ್ಲಿ ಹಾರಾಡಿದ.

“ಹೋಗಿ ಬನ್ನಿ, ಯಾರಾದ್ರೂ ಕಲಿಸಲಿ,” ಅಂದಳು ಹೆಂಡತಿ. “ನನ್ನ ಕೈಲಂತೂ ಆಗ್ಲಿಲ್ಲ.”

ತರಬೇತಿಯ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದೇ ಕಡೆ ಗಾಳಿ ಬೀಸುವ ಫ್ಯಾನು, ಆ ಗಾಳಿಗಾಗಿ ಜಾಗ ಹಿಡಿಯುತ್ತಿದ್ದ ಹತ್ತಾರು ಠಾಣೆಗಳ ಪೊಲೀಸರು. ಕಲಿಸುವವರು ಒಬ್ಬ ಸಣಕಲು ಮೇಡಂ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆ ಹುಡುಕುತ್ತಿದ್ದರು. ಅದು ಸಿಕ್ಕ ಮೇಲೆ ಬೋರ್ಡಿನ ಮೇಲೆ ಬರೆಯಲು ಶುರುಮಾಡಿದರು. ಮಗುವಿನ ಬಾಯಿಗೆ ಉತ್ತರ ತುರುಕಬೇಡಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಬೇಡಿ, ಮೊದಲ ಉತ್ತರ ತಪ್ಪಾಯಿತೇನೋ ಎಂದು ಮಗು ಬದಲಾಯಿಸಿಬಿಡುತ್ತದೆ. ತಿನ್ನಲು ಕೊಟ್ಟು ಕೇಳಬೇಡಿ. ಮುಟ್ಟಬೇಡಿ. ಏನೂ ಆಗಲ್ಲ ಎಂದು ಭರವಸೆ ಕೊಡಬೇಡಿ.

“ಉಸಿರಾಡಬಹುದಾ ಕೇಳು,” ಎಂದು ಮಾಮ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದ. ಪಕ್ಕದವನು ಬೇರೆ ಠಾಣೆಯ ಮೀಸೆ ಸಾಹೇಬ. ಆ ಮೀಸೆ ಕಂಡರೆ ದೊಡ್ಡವರೇ ದಾರಿ ಬಿಡುತ್ತಿದ್ದರು, ಇನ್ನು ಮಕ್ಕಳ ಪಾಡು ಕೇಳಬೇಕೆ.

ಆಮೇಲೆ ಪಕ್ಕದ ಶಾಲೆಯಿಂದ ಒಂದಿಷ್ಟು ಪುಟಾಣಿಗಳು ಬಂದವು, ತಂದೆತಾಯಿಯರ ಒಪ್ಪಿಗೆ ಪಡೆದೇ ಕರೆಸಿದ್ದು. ಮಕ್ಕಳು ಆ ಕಡೆಯ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದಾಗ ಒಬ್ಬ ಮನುಷ್ಯ ಒಳಗೆ ಬಂದು ಏನೋ ಮಾಡಿ ಹೋದ. ಅದನ್ನು ಪೊಲೀಸರಿಗೆ ತೋರಿಸಲಿಲ್ಲ. ಏನು ನಡೆಯಿತು ಅನ್ನುವುದನ್ನು ಮಕ್ಕಳಿಂದಲೇ ತಿಳಿದುಕೊಳ್ಳಿ ಎಂದರು ಮೇಡಂ. ಒಬ್ಬೊಬ್ಬ ಪೊಲೀಸಿಗೆ ಒಂದೊಂದು ಮಗು. ಮೀಸೆ ಸಾಹೇಬನ ಪಾಲಿಗೆ ಬಂದ ಮಗು ಮೀಸೆಯನ್ನೇ ನೋಡುತ್ತಾ ಕೂತು, “ಒಬ್ರು ಬಂದ್ರು. ಕುರ್ಚಿ ತಗೊಂಡು ಹೋದ್ರು. ಇನ್ನೇನೂ ಗೊತ್ತಿಲ್ಲ,” ಎಂದು ಅಳಲು ಶುರುಮಾಡಿತು. ಎಲ್ಲರೂ ನಕ್ಕರು.

ಮಾಮನ ಪಾಲಿನ ಹುಡುಗ ಬಂಗಾರದಂಥವನು. “ಬಂದವನ ಕೈಯಲ್ಲಿ ಚೀಲ ಇತ್ತಲ್ವಾ ಮರಿ?” “ಹೂಂ.” “ಕೆಂಪು ಚೀಲನಾ?” “ಹೂಂ.” “ಜೋರಾಗಿ ಕೂಗಾಡಿದ್ನಾ?” “ಹೂಂ, ತುಂಬಾ.” ಸ್ವಲ್ಪ ಹೊತ್ತಿನಲ್ಲಿ ಹುಡುಗ ತಾನೇ ಮುಂದುವರಿಸಿ, ಆ ಮನುಷ್ಯ ಮೇಜು ಗುದ್ದಿದ, ಚೀಲದೊಳಗೆ ಪೆನ್ಸಿಲ್ ಡಬ್ಬಿ ತುಂಬಿಕೊಂಡ ಎಂದೆಲ್ಲ ಕಣ್ಣರಳಿಸಿ ಹೇಳಿದ. ಮಾಮ ಎದೆಯುಬ್ಬಿಸಿಕೊಂಡು ಹೊರಬಂದು ಅದನ್ನೆಲ್ಲ ಎಲ್ಲರ ಮುಂದೆ ಒಪ್ಪಿಸಿದ. ಮೀಸೆಯತ್ತ ಒಂದು ನೋಟ ಬಿಸಾಕಿದ.

ಮೇಡಂ ಮಕ್ಕಳ ಕೋಣೆಯಲ್ಲಿ ತೆಗೆದ ವಿಡಿಯೊವನ್ನು ಟಿವಿಯಲ್ಲಿ ಹಾಕಿದರು. ಒಬ್ಬ ಮನುಷ್ಯ ಸದ್ದಿಲ್ಲದೆ ಒಳಗೆ ಬಂದ, ಮೂಲೆಯ ಕುರ್ಚಿ ಎತ್ತಿಕೊಂಡ, ಹೋದ. ಅಷ್ಟೇ. ಚೀಲ ಇಲ್ಲ, ಕೂಗಾಟ ಇಲ್ಲ, ಗುದ್ದಾಟವಂತೂ ಇಲ್ಲವೇ ಇಲ್ಲ.

ಕೋಣೆ ಕಿತ್ತುಹೋಗುವ ಹಾಗೆ ನಗು. ಮಾಮನೂ ನಕ್ಕ, ನಗದೆ ಇದ್ದರೆ ಮರ್ಯಾದೆ ಉಳಿಯುತ್ತದೆಯೇ. “ಏನ್ ಸುಳ್ಳ ಮೇಡಂ ಆ ಹುಡುಗ!” ಅಂದ.

“ಅವನು ಸುಳ್ಳು ಹೇಳ್ಲಿಲ್ಲ,” ಅಂದರು ಮೇಡಂ. “ನೀವು ಅವನಿಗೆ ಇಷ್ಟ ಆದ್ರಿ. ಇಷ್ಟ ಆದವರ ಮಾತಿಗೆ ಇಲ್ಲ ಅನ್ನೋದು ಮಕ್ಕಳಿಗೆ ಬಹಳ ಕಷ್ಟ. ಚೀಲ ಇವರಿಗೆ ಬೇಕು ಅಂತ ಗೊತ್ತಾಯ್ತು, ಕೊಟ್ಟ. ಈಗ ಕೇಳಿ ನೋಡಿ, ಆ ಚೀಲ ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿರುತ್ತೆ.”

ಮಾಮನ ನಗು ಅರ್ಧಕ್ಕೇ ಇಳಿಯಿತು. ಹೆದರಿಸಿದವನಿಗೆ ನಿಜ ಸಿಕ್ಕಿತು, ಅದೂ ಮೂರು ಮಾತಿನಷ್ಟು. ಮುದ್ದು ಮಾಡಿದವನಿಗೆ ಸಿಕ್ಕಿದ್ದು ಇಲ್ಲದ ಕೆಂಪು ಚೀಲ. ಹಾಗಾದರೆ ಹೆದರಿಸಬೇಕಾ? ಅದೂ ಅಲ್ಲವಂತೆ. ಮುದ್ದೂ ಬೇಡ, ಗದರುವುದೂ ಬೇಡ ಅಂದರೆ ನಡುವೆ ಇರುವುದೇನು? ತಲೆ ಮೊಸರುಗಡಿಗೆಯಾಯಿತು. ಊಟಕ್ಕೆ ಬಿಟ್ಟಾಗ ತಟ್ಟೆ ಹಿಡಿದು ನಿಂತವನಿಗೆ ಇದ್ದಕ್ಕಿದ್ದ ಹಾಗೆ ಎರಡು ಜಡೆ ನೆನಪಾಯಿತು. ಮೂರನೆಯ ಸಲಕ್ಕೆ ಬಂದ “ಹೂಂ” ನೆನಪಾಯಿತು. ತಟ್ಟೆ ಕೆಳಗಿಟ್ಟ.

ಮೇಡಂ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಮಾಮ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವರು ನಲ್ಲಿ ನಿಲ್ಲಿಸಿದರು.

“ಹುಡುಗಿ ಈಗ ಎಲ್ಲಿದಾಳೆ?”

“ಮನೇಲೇ, ದೊಡ್ಡಮ್ಮನ ಹತ್ರ. ಈ ಊರಿನ ಸಹವಾಸವೇ ಬೇಡ ಅಂತ ಭಾನುವಾರ ಬೇರೆ ಊರಿಗೆ ಹೊರಟಿದಾರೆ.”

“ತಾತ ಹೊಡೆದಿದ್ರೆ ಪರವಾಗಿಲ್ಲ, ಅವಳು ಕ್ಷೇಮ,” ಅಂದರು ಮೇಡಂ. “ತಾತ ಅಲ್ಲದಿದ್ರೆ?”

ಮಾಮನಿಗೆ ಈಗ ಹೊಳೆಯಿತು. ತಾತನಲ್ಲದಿದ್ದರೆ ಹೊಡೆದವರು ಹೊರಗಿದ್ದಾರೆ, ಹುಡುಗಿ ಅವರ ಕೈಗೆಟುಕುವಲ್ಲೇ ಇದ್ದಾಳೆ. ಭಾನುವಾರದ ಮೇಲೆ ಯಾವ ಊರೋ, ಯಾವ ಮನೆಯೋ.

“ಹಾಗಾದ್ರೆ ಇವತ್ತೇ ಹೋಗಿ ಮತ್ತೆ ಕೇಳ್ತೀನಿ.”

“ಮತ್ತೆ ಮತ್ತೆ ಕೇಳಬಾರದು ಅಂತ ಈಗ ತಾನೆ ಹೇಳ್ದೆ.”

“ಸರಿ, ಕೇಳಲ್ಲ.”

“ಕೇಳದೆ ಇದ್ರೆ ಗೊತ್ತಾಗೋದು ಹೇಗೆ?”

“ಅಯ್ಯೋ, ನನ್ನನ್ನ ಏನು ಮಾಡು ಅಂತೀರಿ ಮೇಡಂ!” ಮಾಮ ಮೊದಲ ಸಲ ದನಿ ಎತ್ತಿದ.

ಬೇರೆಯವರು ಮಾತಾಡಿಸುವುದೇ ಸರಿ ಅಂದರು ಮೇಡಂ. ಫೋನ್ ಮಾಡಿದರೆ ದೊಡ್ಡಮ್ಮ, “ಅಪರಿಚಿತರ ಹತ್ರ ಕಳಿಸಲ್ಲ. ಚಾಕಲೇಟ್ ಮಾಮ ಆದ್ರೆ ಪರವಾಗಿಲ್ಲ, ಅವರು ದೇವರಂಥವರು,” ಅಂದಳು. ಕೊನೆಗೆ ಶನಿವಾರ ಮಾಮನೇ ಮಾತಾಡುವುದು, ಮೇಡಂ ಆ ಕಡೆ ಟಿವಿಯಲ್ಲಿ ನೋಡುವುದು ಎಂದಾಯಿತು. “ಏನನ್ನೂ ಕೇಳಿ ಹೇಳಿಸಬೇಡಿ,” ಅಂದರು ಮೇಡಂ. “ನನಗೆ ಗೊತ್ತಿಲ್ಲ ಅನ್ನಿ. ನಾನು ತಪ್ಪು ಹೇಳಿದ್ರೆ ತಪ್ಪು ಅನ್ನು ಅಂತ ಅವಳಿಗೆ ಹೇಳಿಕೊಡಿ. ಬೇಕಂತಲೇ ಏನಾದ್ರೂ ತಪ್ಪು ಹೇಳಿ ನೋಡಿ. ಅವಳು ತಿದ್ದಿದ್ರೆ, ಆಮೇಲೆ ಅವಳು ಹೇಳೋದನ್ನ ನಂಬಬಹುದು.”

ಇದೇನು ಮಹಾ ಎಂದುಕೊಂಡು ಮಾಮ ಆ ಸಂಜೆ ಮನೆಯಲ್ಲಿ ಮೊಮ್ಮಗಳ ಮೇಲೆ ಪ್ರಯೋಗ ಮಾಡಿದ. ಅವಳಿಗೂ ಅದೇ ವಯಸ್ಸು.

“ಪುಟ್ಟಿ, ನೀನು ಗಂಡು ಹುಡುಗ ಅಲ್ವಾ?”

ಮೊಮ್ಮಗಳು ತಾತನ ಮುಖ ನೋಡಿದಳು, ಜೇಬು ನೋಡಿದಳು. “ಹೂಂ ತಾತ.”

“ಅಲ್ಲ ಕಣೇ, ಸರಿಯಾಗಿ ಯೋಚನೆ ಮಾಡು. ನೀನು ಗಂಡು ಹುಡುಗನಾ?”

“ಹೂಂ, ಮೀಸೆನೂ ಬರುತ್ತೆ.”

ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿಸಿತು. “ನಿಮ್ಮನ್ನ ತಪ್ಪು ಅನ್ನೋ ಧೈರ್ಯ ಈ ಮನೇಲಿ ನನಗೊಬ್ಬಳಿಗೇ ಇರೋದು.”

ತಮಾಷೆಯೇ ಹೌದು. ಆದರೆ ಮಾಮನಿಗೆ ನಗು ಬರಲಿಲ್ಲ. ತನ್ನ ಮಡಿಲಲ್ಲೇ ಬೆಳೆದ ಕೂಸು ತಾನು ಹೆಣ್ಣೆನ್ನುವುದನ್ನೂ ತಾತನ ಖುಷಿಗೆ ಬಿಟ್ಟುಕೊಟ್ಟಿತಲ್ಲ! ಹಾಗಾದರೆ ಇಷ್ಟು ವರ್ಷ ಬರೆದುಕೊಂಡ “ಹೂಂ”ಗಳೆಲ್ಲ ಏನು? ಎಷ್ಟು ನಿಜ, ಎಷ್ಟು ಚೀಲ? ಯೋಚಿಸಿದಷ್ಟೂ ಗೋಜಲಾಯಿತು. ಜೇಬಿನಲ್ಲಿದ್ದುದನ್ನೆಲ್ಲ ತೆಗೆದು ಡಬ್ಬಕ್ಕೆ ಸುರಿದ. ಮೊಮ್ಮಗಳು ಡಬ್ಬ ಹೊತ್ತುಕೊಂಡು ಓಡಿದಳು.

ಶನಿವಾರ ಮಾಮ ಸಾದಾ ಅಂಗಿ ಹಾಕಿಕೊಂಡು ತರಬೇತಿಯ ಜಾಗಕ್ಕೆ ಬಂದ. ಕೋಣೆಯಲ್ಲಿ ಒಂದು ಚಾಪೆ, ಎರಡು ಕುಳ್ಳ ಕುರ್ಚಿ, ಬಣ್ಣದ ಪೆನ್ಸಿಲ್, ಮೂಲೆಯಲ್ಲಿ ಕಣ್ಣಿಗೆ ಬೀಳದ ಹಾಗೆ ಕ್ಯಾಮೆರಾ. ದೊಡ್ಡಮ್ಮ ಹುಡುಗಿಯ ಕೈ ಹಿಡಿದುಕೊಂಡೇ ಬಂದಳು. ಹೊರಗೆ ಕೂತಿರಿ ಅಂದದ್ದಕ್ಕೆ, “ನನ್ನ ಬಿಟ್ಟು ಒಂದು ಕ್ಷಣ ಇರಲ್ಲ ಸಾರ್ ಅವಳು,” ಎಂದು ಪಟ್ಟು ಹಿಡಿದಳು. ಮೇಡಂ ಆಗಲೇ ಟೀ ತರಿಸಿ ಅವಳನ್ನು ಮಾತಿಗೆಳೆದರು. ಕೈ ಬಿಟ್ಟಿತು. ಹುಡುಗಿ ಆ ಕೈಯನ್ನು ಅಂಗಿಗೆ ಒರೆಸಿಕೊಂಡು ಒಳಗೆ ಬಂದಳು. ಮೇಡಂ ಟಿವಿಯ ಕೋಣೆಗೆ ಜಾರಿಕೊಂಡರು.

ಮಾಮನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮಂಡಿಯ ಕೆಳಗೆ ಇಟ್ಟುಕೊಂಡು ಕುಳ್ಳ ಕುರ್ಚಿಯಲ್ಲಿ ಮುದುಡಿ ಕೂತ.

“ನೋಡು ಪುಟ್ಟಿ, ನಿನಗೇನಾಯ್ತು ಅನ್ನೋದು ನನಗೆ ಗೊತ್ತಿಲ್ಲ. ನಾನು ಅಲ್ಲಿ ಇರ್ಲಿಲ್ಲ. ನಾನೇನಾದ್ರೂ ತಪ್ಪು ಹೇಳಿದ್ರೆ ನೀನು ತಪ್ಪು ಅನ್ನಬೇಕು. ಈಗ... ನಿನಗೆ ಹತ್ತು ವರ್ಷ.”

“ಹೂಂ.”

“ಹತ್ತು?”

“ಹೂಂ.”

“ನೀನು ಹುಡುಗ.”

ಹುಡುಗಿ ಪೆನ್ಸಿಲ್ ಆರಿಸುತ್ತಾ, “ಹೂಂ,” ಅಂದಳು.

ಮಾಮನ ಕಥೆ ಮುಗಿಯಿತು. ಕಲಿಸಿದ್ದೆಲ್ಲ ಇಷ್ಟೇ, ಇನ್ನು ಬಾಯಲ್ಲಿ ಏನೂ ಉಳಿದಿಲ್ಲ. ಹೊರಗೆ ದೊಡ್ಡಮ್ಮನ ದನಿ ಕೇಳುತ್ತಿತ್ತು, ಟೀಗೆ ಸಕ್ಕರೆ ಜಾಸ್ತಿಯಾಯಿತು ಅನ್ನುತ್ತಿದ್ದಳು. ಅವಳು ಟೀ ಮುಗಿಸಿದರೆ ಇವಳ ಕೈ ಹಿಡಿದು ಹೊರಡುತ್ತಾಳೆ. ಏನು ಹೇಳಬೇಕೋ ತೋಚದೆ ಮಾಮ ಮನಸ್ಸಿನಲ್ಲಿದ್ದುದನ್ನು ಒದರಿಬಿಟ್ಟ.

“ನನಗೆ ಈ ಕೆಲಸ ಬರಲ್ಲ ಕಣಮ್ಮ. ಮೊನ್ನೆ ಕೂಡ ಹೀಗೇ ಆಯ್ತು. ಒಬ್ಬ ಹುಡುಗನ ಹತ್ರ ಕೆಂಪು ಚೀಲ ಕೆಂಪು ಚೀಲ ಅಂದೆ. ಚೀಲವೇ ಇರ್ಲಿಲ್ಲ. ಎಲ್ರೂ ಬಿದ್ದು ಬಿದ್ದು ನಕ್ರು.”

ಪೆನ್ಸಿಲ್ ನಿಂತಿತು. “ನೀವು ದೊಡ್ಡವರು. ನಿಮಗೂ ತಪ್ಪಾಗುತ್ತಾ?”

“ಎಷ್ಟೊಂದು ಆಗುತ್ತೆ.”

“ಆಗ ಯಾರು ಬೈತಾರೆ?”

“ನನ್ನ ಹೆಂಡತಿ.”

ಹುಡುಗಿಯ ಬಾಯಿ ಒಂದು ಕಡೆ ನಕ್ಕಿತು. “ಹೊಡೀತಾರಾ?”

“ಇಲ್ಲಪ್ಪ. ಬೈತಾಳೆ, ಆಮೇಲೆ ಊಟ ಹಾಕ್ತಾಳೆ.”

ಹುಡುಗಿ ಮತ್ತೆ ಕಾಗದದ ಮೇಲೆ ಬಗ್ಗಿದಳು. ಒಂದು ಮನೆ ಬರೆದಳು, ಅದಕ್ಕೊಂದು ಬಾಗಿಲು ಬರೆದಳು. ಮಾಮನ ನಾಲಿಗೆ ತುದಿಗೆ ಹತ್ತು ಪ್ರಶ್ನೆ ಬಂದವು. ಹತ್ತನ್ನೂ ನುಂಗಿದ.

“ನನಗೆ ಹತ್ತು ವರ್ಷ ಅಲ್ಲ,” ಅಂದಳು ಹುಡುಗಿ ಕಾಗದದ ಕಡೆಯೇ ನೋಡುತ್ತಾ. “ಆರು.”

“ಓ.”

“ನಾನು ಹುಡುಗನೂ ಅಲ್ಲ.”

“ಸರಿ.”

“ತಾತನೂ ಅಲ್ಲ.”

ಬೆಚ್ಚಿಬೀಳಬಾರದು ಎಂದು ಮೇಡಂ ಮಾಮನಿಗೆ ಹೇಳಿಕೊಟ್ಟಿದ್ದರು. ಮುಖದ ಮೇಲೆ ಏನಿತ್ತೋ ಅವನಿಗೇ ಗೊತ್ತಿಲ್ಲ. “ನಾನು ತಪ್ಪು ಹೇಳಿದ್ದೆ,” ಅಂದ. “ಏನಾಯ್ತು ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತು.”

ಹುಡುಗಿ ಹೇಳಿದಳು. ಹಾಸಿಗೆ ಒದ್ದೆಯಾದ ದಿನ ದೊಡ್ಡಮ್ಮ ಬೆಲ್ಟು ತೆಗೆಯುತ್ತಾಳೆ. ಹಾಲು ಚೆಲ್ಲಿದ ದಿನ ಕೂಡ. ಒಂದೊಂದು ದಿನ ಏನೂ ಚೆಲ್ಲಿರುವುದಿಲ್ಲ, ಆಗಲೂ. ಲೆಕ್ಕದ ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು, ಅಳಲಿಲ್ಲ. ಅಳಬೇಕೆನಿಸಿದ್ದು ಮಾಮನಿಗೆ.

“ಅವತ್ತು ನೀವು ತಾತನಾ ಅಂತ ಕೇಳಿದ್ರಿ. ದೊಡ್ಡಮ್ಮ ಕೈ ಒತ್ತಿದ್ರು. ನೀವು ತಲೆ ಆಡಿಸಿದ್ರಿ. ಇಬ್ರಿಗೂ ತಾತ ಬೇಕಿತ್ತು. ಅದಕ್ಕೇ ಹೂಂ ಅಂದೆ.” ಆಮೇಲೆ ಯೋಚಿಸಿ ಸೇರಿಸಿದಳು: “ತಾತ ನಂಗೆ ದಿನಾ ಗೇಟ್ ತೆಗೀತಾರೆ.”

ತಾನು ತಲೆ ಆಡಿಸಿದ್ದು ಮಾಮನಿಗೆ ನೆನಪಿರಲಿಲ್ಲ. ಆಡಿಸಿರಬೇಕು. ಯಾವಾಗಲೂ ಆಡಿಸುತ್ತಿದ್ದ.

“ಈಗ ಮನೆಗೆ ಹೋಗ್ಬೇಕಾ?” ಎಂದು ಹುಡುಗಿ ಕೇಳಿದಳು.

ಇಷ್ಟು ಕಾಲ ಇಂಥ ಪ್ರಶ್ನೆಗೆ ಮಾಮನ ಬಳಿ ಒಂದೇ ಉತ್ತರ ಇತ್ತು. ಏನೂ ಆಗಲ್ಲ ಪುಟ್ಟಿ, ಮಾಮ ಇದೀನಲ್ಲ. ಆ ಮಾತು ಬಾಯಿಗೂ ಬಂತು. ಹಲ್ಲು ಕಚ್ಚಿದ. “ಗೊತ್ತಿಲ್ಲ. ಕೇಳ್ಕೊಂಡು ಬಂದು ನಿಜ ಹೇಳ್ತೀನಿ.”

ಹೊರಗೆ ಮೇಡಂ ಆಗಲೇ ಇನ್ಸ್‌ಪೆಕ್ಟರಿಗೂ ಮಕ್ಕಳ ರಕ್ಷಣೆಯ ಅಧಿಕಾರಿಗೂ ಫೋನ್ ಮಾಡಿದ್ದರು. ಹುಡುಗಿಯ ಅಮ್ಮನಿಗೂ ಸುದ್ದಿ ಹೋಗಿತ್ತು. ಬಂದ ಮಹಿಳಾ ಪೊಲೀಸರು ದೊಡ್ಡಮ್ಮನನ್ನು ಬೇರೆ ಕೋಣೆಗೆ ಕರೆದೊಯ್ದರು. ಅವಳು ತಿರುಗಿ ಮಾಮನನ್ನು ನೋಡಿ, “ಸಾರ್, ನೀವಾದ್ರೂ ಹೇಳಿ ಇವರಿಗೆ, ನೀವೇ ಬರ್ಕೊಂಡಿದ್ದಲ್ವಾ ತಾತ ಅಂತ!” ಅಂದಳು. ಹೌದು, ಬರೆದುಕೊಂಡವನು ಅವನೇ.

ಒಳಗೆ ಬಂದು ಕುಳ್ಳ ಕುರ್ಚಿಯಲ್ಲಿ ಕೂತ. “ಇವತ್ತು ಆ ಮನೆಗೆ ಹೋಗಲ್ಲ. ಮೇಡಂ ಜೊತೆ ಬೇರೆ ಕಡೆ ಇರ್ತೀಯ. ನಿಮ್ಮಮ್ಮ ಬಸ್ಸು ಹತ್ತಿದಾರೆ.”

“ನಾಳೆ?”

“ಗೊತ್ತಿಲ್ಲ.”

ಹುಡುಗಿ ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಸಾಕಾದ ಹಾಗೆ ಕಂಡಿತು. ಯಾಕೆ ಸಾಕಾಯಿತು ಅನ್ನುವುದು ಮಾಮನಿಗೆ ಅರ್ಥವಾಗಲಿಲ್ಲ.

ತಾತನ ಬಿಡುಗಡೆಯ ಕಾಗದಪತ್ರ ಮುಗಿಯಲು ಮತ್ತೆರಡು ದಿನ ಹಿಡಿಯಿತು. ಲಾಕಪ್ಪಿನ ಬಾಗಿಲನ್ನು ನಾನೇ ತೆಗೆಯುತ್ತೇನೆ ಎಂದು ಮಾಮ ಬೀಗದ ಕೈ ಕೇಳಿ ಪಡೆದ. ಬಾಗಿಲು ಸದ್ದು ಮಾಡಿದ್ದೇ ತಾತ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ.

“ಕೂತ್ಕೊಳ್ಳಿ ತಾತ. ನಿಮ್ಮನ್ನ ಬಿಡ್ತಾ ಇದೀವಿ. ಆ ಮಗುಗೆ ನೀವು ಹೊಡೆದಿಲ್ಲ.”

“ಆಗ್ಲಿ ಸಾರ್.”

“ಆಗ್ಲಿ ಅಂದ್ರೆ? ಹೊಡೆದಿಲ್ಲ ತಾನೆ?”

“ನೀವು ಹೇಳಿದ ಹಾಗೆ ಸಾರ್.”

ಮಾಮ ಅಲ್ಲೇ ನೆಲದ ಮೇಲೆ ಕೂತ. “ಹೊಡೀದೆ ಇದ್ಮೇಲೆ ಅವತ್ತು ಯಾಕೆ ಒಪ್ಕೊಂಡ್ರಿ? ಯಾರಾದ್ರೂ ಹೆದರಿಸಿದ್ರಾ? ಕೈ ಮಾಡಿದ್ರಾ?”

“ಛೆ, ಛೆ!” ತಾತನಿಗೆ ನಿಜಕ್ಕೂ ನೋವಾದಂತಿತ್ತು. “ನೀವು ಟೀ ತರಿಸಿಕೊಟ್ರಿ. ಹೆಗಲ ಮೇಲೆ ಕೈ ಇಟ್ಟು ಕೇಳಿದ್ರಿ. ನನ್ನನ್ನ ಯಾರಾದ್ರೂ ಅಷ್ಟು ಚೆನ್ನಾಗಿ ಮಾತಾಡಿಸಿ ಎಷ್ಟು ಕಾಲ ಆಗಿತ್ತು ಸಾರ್. ಅಂಥವರಿಗೆ ಇಲ್ಲ ಅಂತ ಹೇಗೆ ಅನ್ನೋದು?”

ಮಾಮನ ಕೈ ತಾನಾಗಿ ತಾತನ ಹೆಗಲಿನ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವನು ಹಾಗೇ ಕೂತಿದ್ದ. ತಾತ ಆ ಕೈಯನ್ನೇ ನೋಡುತ್ತಿದ್ದ, ಏನು ಹೇಳಿದರೂ ಒಪ್ಪಿಕೊಳ್ಳಲು ತಯಾರಾಗಿ.